ನಳಕ್ಕೆ ಕಟ್ಟಿದ ತಂತಿ

ಸಂಗಮ್ಮ ನಳಕ್ಕೆ ಬರಿಗೈ ಹಚ್ಚೋದು ಬಿಟ್ಟು ಇವತ್ತಿಗೆ ಒಂಬತ್ತು ದಿನ. ಗಂಡ ವೈಜನಾಥ ಕಟ್ಟೆ ಮೇಲೆ ಗೈಡು ಬಿಚ್ಕೊಂಡು ಕೂತಿದ್ದ, ಆದ್ರೆ ಕಣ್ಣು ಅಕ್ಷರದ ಮೇಲೆ ಇರ್ಲಿಲ್ಲ, ಅವಳ ಮೇಲಿತ್ತು. ಅಂಗಳದ ಮೂಲೇಲಿ ವಾಡೆಯ ಬಾಡಿಗೆಯವರಿಗೆಲ್ಲ ಸೇರಿ ಒಂದೇ ಬಚ್ಚಲು, ಒಂದೇ ನಳ. ಅಲ್ಲಿ ಹಸಿ ಕಲ್ಲಿನ ಮೇಲೆ ಊಟದ ಮಣೆ ಹಾಕ್ಕೊಂಡು, ಅದರ ಮೇಲೆ ನಿಂತು, ಕಟ್ಟಿಗೆ ಚೂರಿನಿಂದ ನಳದ ಕಿವಿಗೆ ಒಂದು ಏಟು ಕೊಟ್ಟು ತಿರುಗಿಸ್ತಾಳೆ. ನೀರು ಬಂದಮೇಲೆ ಕೊಡ ನಳಕ್ಕೆ ತಾಗದ ಹಾಗೆ ನಾಲ್ಕು ಬೆರಳು ಕೆಳಗೆ ಇಡ್ತಾಳೆ, ಹುತ್ತಕ್ಕೆ ಹಾಲೆರೆಯೋರ ಹಾಗೆ, ಮೈಯೆಲ್ಲ ಹಿಂದಕ್ಕೆ ಜಗ್ಗಿ. ಯಾರೂ ಹೇಳಿಕೊಟ್ಟಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟೋಳು. ಮಣೆ ಒಣಗಿರ್ಬೇಕು, ಕಟ್ಟಿಗೆ ಒಣಗಿರ್ಬೇಕು ಅಂತ ಅವಳ ಕೈಗೇ ಗೊತ್ತಾಗಿಬಿಟ್ಟಿದೆ. ಇವನಾದ್ರೋ ಹನ್ನೊಂದು ವರ್ಷದಿಂದ ವೈರ್‌ಮನ್, ಓಝರಿನ ವಿಮಾನ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಇವನು ಎಳೆದ ತಂತಿಗೆ ಇನ್ನೂ ಯಾರೂ ಬೆರಳು ಮಾಡಿ ತೋರಿಸಿಲ್ಲ, ನಾಳೆ ಔರಂಗಾಬಾದಿನಲ್ಲಿ ಸೂಪರ್‌ವೈಜರ್ ಪರೀಕ್ಷೆ, ಇವತ್ತು ಎರಡು ಗಂಟೆಗೆ ಬಸ್ಸು. ಹೆಂಡತಿ ಆ ಮಣೆ ಮೇಲೆ ನಿಂತಾಗೆಲ್ಲ ಇವನಿಗೆ ತನ್ನ ಎದೆ ಮೇಲೇ ನಿಂತ ಹಾಗಾಗ್ತಿತ್ತು. ಅವಳು ಇವನ ಕಡೆ ನೋಡ್ತಾನೂ ಇರ್ಲಿಲ್ಲ. ನೋಡಿದ್ರೆ ಒಂದು ಥರ, ನೋಡದಿದ್ರೆ ಇನ್ನೊಂದು ಥರ ಅವಮಾನ.

ಪ್ರಶ್ನೆ ಹದಿನಾಲ್ಕು. ಮನೆಯ ನೀರಿನ ಪೈಪು, ಗ್ಯಾಸಿನ ಪೈಪು, ಮೋಟರಿನ ಮೈ, ಇವನ್ನೆಲ್ಲ ಒಂದೇ ತಂತಿಗೆ ಕಟ್ಟಿ ಭೂಮಿಗೆ ಇಳಿಸಬೇಕು, ಯಾಕೆ? ಉತ್ತರ ಅವನಿಗೆ ನಿದ್ದೇಲೂ ಬರ್ತಿತ್ತು. ಯಾಕಂದ್ರೆ ತಪ್ಪಿ ಬಂದ ಕರೆಂಟಿಗೆ ಮನುಷ್ಯನ ಮೈಗಿಂತ ಸುಲಭದ ದಾರಿ ಕೊಡ್ಬೇಕು, ಕೊಡದಿದ್ರೆ ಅದು ಮನುಷ್ಯನನ್ನೇ ದಾರಿ ಮಾಡ್ಕೊಳ್ತದೆ. ಎಷ್ಟು ಚಂದದ ಮಾತು ಅಂತ ಮೊದಲ ಸಲ ಓದಿದಾಗ ಅನಿಸಿತ್ತು, ಪೇಢೆ ತಿಂದ ಹಾಗೆ ಬಾಯಲ್ಲಿ ತಿರುಗಿಸಿದ್ದ. ಈಗ ಅದೇ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ. ಮೀನು ಅವನು ಜನ್ಮದಲ್ಲಿ ತಿಂದಿಲ್ಲ, ಮುಳ್ಳು ಹೆಂಗಿರ್ತದೋ ಗೊತ್ತೂ ಇಲ್ಲ. ಮೂರು ದಿನದ ಹಿಂದೆ ಸಂಜೆ ಅವಳು ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ಅಂದಿದ್ಲು, "ನಳ ಯಾವಾಗ್ಲೂ ಹೊಡ್ಯಲ್ರಿ. ಮುಂದ ಹೋಟ್ಲ ದೇವದಾಸಣ್ಣನ ಮಷಿನ್ ಗುಂಯ್ ಅಂತಿದ್ರ ಅಷ್ಟೇ ಹೊಡಿತದ. ಅದು ಬಂದಾದ್ರ ಇದೂ ಸುಮ್ಮ. ನೋಡ್ರಿ ಬೇಕಾದ್ರ." ಅದಕ್ಕೆ ಅವ್ವ ಈರಮ್ಮ ಒಳಗಿಂದ ನಕ್ಕು, "ವೈರ್‌ಮನ್ನಿನ ಹೆಂಡ್ತಿಗಿ ನಳ ಹೊಡಿತದಂತ, ಊರಾಗ ಹೇಳ್ಬ್ಯಾಡ್ರಿ, ಕೆಲಸ ಕೊಡಾವ್ರೂ ಕೊಡ್ಲಿಕ್ಕಿಲ್ಲ," ಅಂದಿದ್ಲು. ಅವ್ವನ ನಗೆಗೋ, ಹೆಂಡತಿ ಹೇಳಿದ್ದು ಅಕ್ಷರಶಃ ಸರಿ ಇದ್ದದ್ದಕ್ಕೋ, ಇವನ ಕೈ ಹಾರಿತ್ತು. ಬಲಗೈ, ಅಂಗೈ ಬಿಚ್ಚಿ. ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿದ ಸದ್ದು ಅವ್ವನ ನಗೆಗಿಂತ ಸಣ್ಣದಿತ್ತು. ಅವಳು ಅಳ್ಲಿಲ್ಲ. ಬೆಳಗ್ಗೆ ಎದ್ದು ಮಣೆ ತಗೊಂಡು ಹೋದ್ಲು.

ಎದುರಿಗೆ ಪಡಸಾಲೇಲಿ ಅಪ್ಪ ವಿಶ್ವನಾಥಪ್ಪ ಹೊರಸಿನ ಮೇಲೆ ಮಲಗಿದ್ದ, ಎಡಗಡೆಯೆಲ್ಲ ಸತ್ತು ಬಲಗಡೆ ಮಾತ್ರ ಬದುಕಿದ ಮನುಷ್ಯ. ಮಾತು ಹೋಗಿ ಎರಡು ವರ್ಷ. ಬಲಗಣ್ಣು ಮಾತ್ರ ಅಂಗಳದಲ್ಲಿ ತಿರುಗಾಡ್ತಿರ್ತದೆ. ಈ ಮರಾಠಿ ಊರಿಗೆ ಬರೋ ಮೊದಲು ಭಾಲ್ಕಿಯಲ್ಲಿದ್ದಾಗ ಯಾರ ಮನೇಲಿ ಸಾವಾದ್ರೂ ಗುಂಡಿ ಅಳೆಯೋದಕ್ಕೆ ಇವನನ್ನೇ ಕರೀತಿದ್ರು. ಸತ್ತವರ ಪಾದದ ಅಳತೆ ತಗೊಂಡು, ಆ ಪಾದದಿಂದ ಗುಂಡಿ ಲೆಕ್ಕ ಹಾಕಿ, ಹೆಣ ಕೂಡಿಸಿ, ವಿಭೂತಿ ಉಪ್ಪು ಪತ್ರಿ ತುಂಬಿಸಿ ಮಣ್ಣು ಎಳೆಸೋವರೆಗೂ ನಿಂತಿರ್ತಿದ್ದ. ಆ ಕಣ್ಣು ಇವತ್ತೂ ಅಂಗಳದ ನಡುವಿನ ಒಂದು ಜಾಗಕ್ಕೆ ಹೋಗಿ ಹೋಗಿ ಬರ್ತಿತ್ತು. ಅಲ್ಲಿ ಮಣ್ಣಿನ ಬಣ್ಣ ಇನ್ನೂ ಬೇರೆ. ಮಾಘದಲ್ಲಿ ತೋಡಿದ್ದು. ಕೊಯ್ನಾದಲ್ಲಿ ಭೂಮಿ ನಡುಗಿ ಎರಡು ತಿಂಗಳಾಗಿತ್ತಷ್ಟೇ, ಗುದ್ದಲಿ ಸದ್ದಿಗೂ ಜನ ಎದ್ದು ಹೊರಗೆ ಓಡೋ ಕಾಲ. ವಾಡೆಯ ಮುಂಭಾಗದಲ್ಲಿ ಬ್ರಹ್ಮಾವರದ ಕಡೆಯ ದೇವದಾಸ ಹೋಟ್ಲು ನಡೆಸ್ತಿದ್ದ, ಬೊಂಬಾಯಿಂದ ಮೋಟರಿನ ರುಬ್ಬೋ ಮಷಿನ್ ತರಿಸಿದ್ದ. "ಅರ್ತಿಂಗ್ ಮಾತ್ರ ಗಟ್ಟಿ ಮಾಡಿ ಕೊಡಿ ಮಾರ್ರೆ. ಹಿಟ್ಟಿನ ಕೈ, ಯಾವಾಗ್ಲೂ ನೀರಲ್ಲಿ ಚಂಡಿ. ಹೆಂಡ್ತಿ ಬಸುರಿ ಬೇರೆ, ನಾನು ಕರೆಂಟಲ್ಲಿ ಹೋದ್ರೆ ಅವಳು ಊರಿಗೆ ಎಂತ ಹೇಳುದು?" ಅಂತ ನಕ್ಕು, ತಾಮ್ರದ ಪ್ಲೇಟು, ಎರಡು ಚೀಲ ಉಪ್ಪು, ಒಂದು ಚೀಲ ಇದ್ದಿಲು ತಾನೇ ಗಾಡಿಯಲ್ಲಿ ತಂದು ಹಾಕಿದ್ದ. ವೈಜನಾಥ ಎದೆಮಟ್ಟ ಇಳಿದಿದ್ದ. ತಳಕ್ಕೆ ಪ್ಲೇಟು ಇಟ್ಟು ಮೊದಲ ಉಪ್ಪಿನ ಚೀಲ ಕೊಯ್ದು ಸುರೀತಿರೋವಾಗ ಪಡಸಾಲೆಯಿಂದ ಒಂದು ಸದ್ದು ಬಂತು. ಕುರಿ ಕೊಯ್ಯೋವಾಗ ಗಂಟಲು ಪೂರಾ ಹರಿದಿರೋದಿಲ್ಲ ನೋಡಿ, ಆಗ ಬರೋ ಸದ್ದು. ಅಪ್ಪ. ಅರ್ಧ ಬಾಯಿಂದ ಅಳ್ತಿದ್ದ. ಮಗ ನನ್ನ ಗುಂಡಿಯೊಳಗೆ ನಿಂತು ಉಪ್ಪು ಹಾಕ್ತಿದ್ದಾನೆ, ನಾನಿನ್ನೂ ನೋಡ್ತಾ ಇದ್ದೀನಿ, ಅನ್ನೋ ಹಾಗೆ.

ಅವ್ವ ಬಂದು ಗುಂಡಿ ಅಂಚಿಗೆ ಕೂತು ಎರಡೂ ಕಾಲು ಒಳಗೆ ಇಳಿಬಿಟ್ಟಳು. "ಮೊದ್ಲ ನನ್ನ ಕೂಡ್ಸು. ಅವ್ರಿನ್ನಾ ಉಸರಾಡ್ಲತ್ತಾರ." "ಅವ್ವ, ಇದು ಮಷಿನ್‌ಗಿ. ಕರೆಂಟ್ ಭೂಮ್ಯಾಗ ಇಳೀಲಾಕ." "ಹಂಗಿದ್ರ ಉಪ್ಪು ಯಾಕೋ?" "ಮಣ್ಣು ಹಸಿ ಹಿಡ್ದಿರ್ಬೇಕಲ್ಲ." "ಎಲ್ಲಾರ್ಗೂ ಅದಕ್ಕೇ ಹಾಕ್ತಾರ," ಅಂದಳು ಅವ್ವ. ವೈಜನಾಥ ಸಂಜೆಯೊಳಗೆ ಪ್ಲೇಟು ಎತ್ತಿ ಗುಂಡಿ ಮುಚ್ಚಿದ. ಉಪ್ಪನ್ನ ಅವ್ವ ಮನೆಗೆ ಸೇರಿಸ್ಲಿಲ್ಲ, ಊರ ಹೊಳೆಗೆ, ಗಂಗೆಗೆ, ಹಾಕಿಸಿದಳು. ರಾತ್ರಿ ಅಪ್ಪನಿಗೆ ಗಂಜಿ ಕುಡಿಸ್ತಾ, ಚಮಚೆಯಿಂದ ಮುದುಕನ ಹಲ್ಲಿಗೆ ಸ್ವಲ್ಪ ಜೋರಾಗೇ ಬಡಿದಿದ್ದ. ಮುದುಕ ಕಣ್ಣು ಮುಚ್ಚಿ ನುಂಗಿದ. ಮರುದಿನ ಮಷಿನ್ನಿನ ತಂತಿಯನ್ನ ಗೋಡೆ ಹಿಂದಿನಿಂದ ತಂದು ಬಚ್ಚಲ ಮೂಲೇಲಿ ನೀರಿನ ಪೈಪಿಗೆ ಕಟ್ಟಿ ಮೇಲೆ ಸುಣ್ಣ ಬಳಿದ. ತಪ್ಪೇನಿರ್ಲಿಲ್ಲ. ಪೈಪು ಕಬ್ಬಿಣದ್ದು, ಓಣಿಯ ಪೈಪು ಕಬ್ಬಿಣದ್ದು, ಅಲ್ಲಿಂದ ನೀರಿನ ಟಾಕಿಯವರೆಗೆ ಮೈಲಿಗಟ್ಟಲೆ ಭೂಮಿ ಒಳಗೆ ಕಬ್ಬಿಣವೇ ಕಬ್ಬಿಣ. ಇಷ್ಟುದ್ದದ ಗುಂಡಿ ಯಾವ ಮಗ ತೋಡ್ತಾನೆ? ಹೀಗಂತ ಅವನು ತನಗೆ ತಾನೇ ಹೇಳ್ಕೊಂಡ. ದೇವದಾಸನಿಗೆ ಮಾತ್ರ, "ಆಯ್ತ್ರಿ, ಗುಂಡಿ ಮಾಡೀನಿ," ಅಂದ. ದೇವದಾಸ ಹಸಿ ಮಣ್ಣು ನೋಡಿದ, ಖುಷಿಯಾದ, ಒಂದು ತಟ್ಟೆ ಬನ್ಸು ಕಳಿಸಿದ. ಅವನ್ನ ಅವ್ವನೂ ತಿಂದಳು.

ವೈಶಾಖದಲ್ಲಿ ನಳದ ಆಫೀಸಿನವರು ಓಣಿ ಅಗೆದ್ರು. ಎತ್ತಿನ ಗಾಡಿಗಳಲ್ಲಿ ಬೂದಿ ಬಣ್ಣದ ಸಿಮೆಂಟಿನ ಪೈಪುಗಳು ಬಂದು ಬಿದ್ದವು. ವೈಜನಾಥ ಡಬ್ಬಿ ಹಿಡ್ಕೊಂಡು ಓಝರಿನ ಬಸ್ಸಿಗೆ ಹೋಗ್ತಾ ಒಂದು ಪೈಪು ದಾಟಿದ. ದಾಟಿ ನಿಂತ. ಬೆರಳಿನಿಂದ ತಟ್ಟಿ ನೋಡಿದ, ಮಡಕೆ ತಟ್ಟಿದ ಸದ್ದು. ಗೊತ್ತಾಯ್ತು. ಯಾರೂ ಹೇಳೋದು ಬೇಕಿರ್ಲಿಲ್ಲ, ಆ ಸದ್ದೇ ಹೇಳ್ತು, ಸಿಮೆಂಟಿನೊಳಗೆ ಕರೆಂಟು ಹರಿಯೋದಿಲ್ಲ, ಇನ್ನು ಮೇಲೆ ನಿನ್ನ ತಂತಿ ಎಲ್ಲಿಗೂ ಹೋಗೋದಿಲ್ಲ, ವಾಡೆಯೊಳಗೇ ತಿರುಗಿ ತಿರುಗಿ ಸುತ್ತುತ್ತದೆ, ನಳದ ತುದೀಲಿ ಬಾಯಿ ಬಿಟ್ಕೊಂಡು ಕಾಯ್ತದೆ. ಬಸ್ಸು ಬಂತು, ಹತ್ತಿದ. ಅವತ್ತು ಬಂದು ಮಾಡ್ತೀನಿ ಅಂತಿದ್ದ, ಆಮೇಲೆ ಐತವಾರ ಅಂತಿದ್ದ, ಆಮೇಲೆ ಪರೀಕ್ಷೆ ಮುಗೀಲಿ ಅಂದ. ಈಗ ಮಷಿನ್ನಿನ ಮೈಗೆ ಕರೆಂಟು ಸೋರೋದೂ ಶುರುವಾಗಿತ್ತು, ತಂತಿ ಕಿತ್ತುಹಾಕಿದ್ರೆ ಏಟು ನಳ ಬಿಟ್ಟು ದೇವದಾಸನ ಕೈಗೆ ಹೋಗ್ತದೆ. ಗುಂಡಿ ತೋಡ್ಬೇಕು ಅಂದ್ರೆ ಮತ್ತೆ ಅಪ್ಪ, ಮತ್ತೆ ಆ ಸದ್ದು. ಒಂದೊಂದು ಸಲ ಇದಕ್ಕೆಲ್ಲ ಸುಲಭದ ದಾರಿ ಅಂದ್ರೆ ಅಪ್ಪ ಸಾಯೋದೇ ಅಂತ ಹೊಳೀತಿತ್ತು, ಹೊಳೆದ ಕೂಡ್ಲೇ ಬಾಯಲ್ಲಿ ಕಬ್ಬಿಣದ ರುಚಿ.

"ವೈಜ್ಯಾ, ಪಾಸ್ ಹೋ ರೇ ಬಾಬಾ." ತಲೆ ಮೇಲೆ ಒಣಗಿದ ಕೈ ಬಿತ್ತು. ವಾಡೆಯ ಯಜಮಾನಿ ಕಾಶಿಬಾಯಿ, ಪಾಸಾಗಪ್ಪಾ ಅಂತ ಹರಸಿ, ಹೆಗಲ ಮೇಲೆ ಸೀರೆ ಹಾಕ್ಕೊಂಡು ಬಚ್ಚಲ ಕಡೆ ಹೊರಟಿದ್ಲು. ಕಾನಡಿ ಜನಕ್ಕೆ ಮನೆ ಕೊಡೋದಿಲ್ಲ ಅಂತ ನಾಲ್ಕು ಓಣಿ ತಿರುಗಿಸಿದ ಊರಲ್ಲಿ, ಮುದುಕನನ್ನ ಕೈಗಾಡಿ ಮೇಲೆ ಮಲಗಿಸ್ಕೊಂಡು ಬಂದಾಗ, ಒಂದು ಮಾತೂ ಕೇಳದೆ ಬೀಗದ ಕೈ ಕೊಟ್ಟ ಮುದುಕಿ. ಸಂಗಮ್ಮ ಕೊಡ ಎತ್ಕೊಂಡು ಒಳಗೆ ಹೋಗಿ ಆಗಿತ್ತು, ಮಣೆ ಗೋಡೆಗೆ ಒರಗಿತ್ತು. ಮಷಿನ್ ಸುಮ್ಮನಿತ್ತು. ಸುಮ್ಮನಿದೆ, ಪರವಾಗಿಲ್ಲ, ಅಂದ್ಕೊಂಡ. ಮುದುಕಿ ಕಲ್ಲಿನ ಮೇಲೆ ಕಾಲಿಟ್ಟಳು. ಆಗ ಮುಂದಿನಿಂದ ಬೆಲ್ಟು ಚಟ್ ಅಂದು ಗುಂಯ್ ಅಂತ ಶುರುವಾಯ್ತು. ವೈಜನಾಥನ ಕಣ್ಣು ಗೈಡಿಗೆ ಇಳೀತು. ಒಂದು ಸಾಲು ಓದಿದ. ಒಂದು ಸಾಲು ಓದೋದಕ್ಕೆ ಎಷ್ಟು ಹೊತ್ತು ಹಿಡೀತದೆ? ಅಷ್ಟು ಹೊತ್ತು ಅವನು ಬಾಯಿ ತೆಗೀಲಿಲ್ಲ. ಕೂಗಿದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂದ್ರೆ ಏನು ಹೇಳೋದು? ಆ ಸಾಲು ಅವನಿಗೆ ಇನ್ನೂ ನೆನಪಿದೆ, ಪ್ಲೇಟು ನಿಲುವಾಗಿ ಹೂಳತಕ್ಕದ್ದು.

ಕಿರುಚಾಟ ಇಲ್ಲ. ಕರೆಂಟು ಹಿಡಿದವರು ಕಿರುಚೋದಿಲ್ಲ, ಗಂಟಲೂ ಹಿಡ್ಕೊಂಡುಬಿಟ್ಟಿರ್ತದೆ. ನಳದ ಕೆಳಗಿಟ್ಟ ಘಮೇಲೆ ಬುಟ್ಟಿ ತುಂಬಿ ನೀರು ಕಲ್ಲಿನ ಮೇಲೆ ಬಡಿಯೋ ಸದ್ದು ಕೇಳಿ ಅವನಿಗೆ ಗೊತ್ತಾಯ್ತು. ಓಡಿದ. ಕಾಶಿಬಾಯಿ ನಳಕ್ಕೆ ಜೋತುಬಿದ್ದಿದ್ಲು, ಕಾಲು ನೀರಲ್ಲಿ ಮೀನಿನ ಹಾಗೆ ಒದ್ದಾಡ್ತಿದ್ವು, ಕಣ್ಣು ಬಿಳಿ. ಮಣೆ ಎತ್ತಿ ಎರಡೂ ಕೈಯಿಂದ ಅವಳ ಮೊಣಕೈಗೆ ಹೊಡೆದ. ಬಿಡ್ಲಿಲ್ಲ. ಇನ್ನೊಂದು. ಮೂರನೇ ಏಟಿಗೆ ಎಲುಬು ಮುರಿದದ್ದು ಮಣೆಯೊಳಗಿಂದ ಇವನ ಕೈಗೆ ಬಂತು, ಹಸಿ ಕಬ್ಬು ಮುರಿದ ಹಾಗೆ, ಮುದುಕಿ ಕಲ್ಲಿನ ಮೇಲೆ ಬಿದ್ದು ತಲೆ ಒಡೀತು. ಮೂರನೇ ಏಟು ಹೊಡೆಯೋವಾಗ ಅವನ ಒಳಗೆ ಉಳಿಸ್ಬೇಕು ಅನ್ನೋದು ಇರ್ಲಿಲ್ಲ. ಸಿಟ್ಟಿತ್ತು. ಯಾಕೆ ಮುಟ್ಟಿದಿ, ಇಷ್ಟು ಜನರೊಳಗೆ ನೀನೇ ಯಾಕೆ ಮುಟ್ಟಿದಿ, ಅನ್ನೋ ಸಿಟ್ಟು.

ಆಮೇಲೆ ಜನ. ಯಾರೋ ಟಾಂಗಾ ತಂದ್ರು, ಯಾರೋ ಮುದುಕಿಯ ಎದೆ ಒತ್ತಿದ್ರು, ಉಸಿರಿದೆ ಉಸಿರಿದೆ ಅಂತ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ರು. ವೈಜನಾಥ ಹೋಗಿ ವಾಡೆಯ ಮೇನ್ ಸ್ವಿಚ್ಚು ಎಳೆದ. ವಾಪಸ್ ಬಂದಾಗ ಎಲ್ಲರೂ ಅವನ ಬೆನ್ನು ತಟ್ತಿದ್ರು. ಹುಶಾರ್ ಮನುಷ್ಯ, ಕಟ್ಟಿಗೆಯಿಂದ ಹೊಡೆದ, ಬರಿಗೈ ಹಾಕಿದ್ರೆ ಇಬ್ಬರೂ ಹೋಗ್ತಿದ್ರು. ಕಾಶಿಬಾಯಿಯ ತಂಗಿ ಮಗ ಖಂಡೂ ತಾಲೀಮಿನಿಂದ ಹಂಗೇ ಬಂದಿದ್ದ, ಲಂಗೋಟಿ ಮೇಲೆ ಟವೆಲ್ಲು, ಮೈಗೆಲ್ಲ ಅಖಾಡದ ಕೆಂಪು ಮಣ್ಣು. ಇವನ ಎರಡೂ ಭುಜ ಹಿಡ್ಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮರಾಠಿಯಲ್ಲಿ ಕೇಳಿದ. "ನೀನು ಬಲ್ಲವ. ಈ ಕರೆಂಟು ಎಲ್ಲಿಂದ ಬಂತು ಹೇಳು. ಆ ಲುಂಗಿವಾಲಾನ ಮಷಿನ್ನಿಂದಾನಾ?" ಸುಳ್ಳು ಹೇಳೋ ಅಗತ್ಯವೇ ಇರ್ಲಿಲ್ಲ, ಅದೇ ಅದರ ಮೋಸ. "ಹೌದು," ಅಂದ ವೈಜನಾಥ, ಶುದ್ಧ ಮರಾಠಿಯಲ್ಲಿ, "ಮಷಿನ್ನಿಂದ ಬಂತು." ಅಷ್ಟೇ. ಮಿಕ್ಕಿದ್ದು ಹೇಳೋದರೊಳಗೆ ಅವರು ಹೊರಟಾಗಿತ್ತು.

ಹೋಟ್ಲಿನಲ್ಲಿ ಮೂರು ಮೇಜು. ಮೊದಲು ಗಾಜಿನ ಕಪಾಟು ಹೋಯ್ತು, ಆಮೇಲೆ ಇಡ್ಲಿ ಪಾತ್ರೆ, ತಿನ್ನೋರು ಎಲೆ ಬಿಟ್ಟು ಹಾರಿದ್ರು. ದೇವದಾಸ ಮೊಣಕೈವರೆಗೆ ಉದ್ದಿನ ಹಿಟ್ಟು ಹಚ್ಕೊಂಡು, ಕರೆಂಟು ಯಾಕೆ ಹೋಯ್ತು ಅಂತ ಮಷಿನ್ನಿನ ಮುಂದೆ ಬಗ್ಗಿದ್ದ. ತಿರುಗಿ ನೋಡೋದರೊಳಗೆ ಖಂಡೂನ ಮೊಣಕಾಲು ಅವನ ಬಾಯಿಗೆ ಬಂತು. ಇಡ್ಲಿಯ ಬಿಳಿ, ಹಲ್ಲಿನ ಬಿಳಿ, ಹಿಟ್ಟಿನ ಮೇಲೆ ರಕ್ತ ಬಿದ್ದು ಕುಂಕುಮ ಕಲಸಿದ ಹಾಗೆ ಹರಡ್ತು. ಯಾರೋ ಸಾಂಬಾರಿನ ಹಂಡೆ ಉರುಳಿಸಿದ್ರು, ಅವನ ಕಾಲಿನ ಮೇಲೆ. ಆಗ ಅವನು ಕೂಗಿದ, "ಅಬ್ಬೇ" ಅಂತ, ಊರಲ್ಲಿ ತಾಯಿಯನ್ನ ಕರೆಯೋ ಹಾಗೆ. ಅದು ಕೇಳಿ ಯಾರೋ ನಕ್ಕು ಅದನ್ನೇ ಅಣಕಿಸಿದ್ರು. ಹೆಂಡತಿ ಹರಿಣಾಕ್ಷಿ ಹೆರಿಗೆಗೆ ಊರಿಗೆ ಹೋದದ್ದು ಒಳ್ಳೇದಾಯ್ತು ಅಂತ ವೈಜನಾಥನಿಗೆ ಅನಿಸ್ತು, ಅನಿಸಿದ್ದಕ್ಕೆ ಸ್ವಲ್ಪ ಸಮಾಧಾನವೂ ಆಯ್ತು, ನಾನೇನು ಅಷ್ಟು ಕೆಟ್ಟವನಲ್ಲ. ಅಷ್ಟರಲ್ಲಿ ಖಂಡೂ ಇವನ ಕೈ ಹಿಡಿದು ಮುಂದೆ ಎಳೆದ. "ನೀನೂ ಒಂದು ಹಾಕು. ನೀನೇ ಅಲ್ವಾ ಅವಳನ್ನ ಬಿಡಿಸಿದ್ದು. ಹಕ್ಕು ನಿಂದು." ಎಲ್ಲರೂ ದಾರಿ ಬಿಟ್ರು. ವೈಜನಾಥ ಹೊಡೆದ. ಬಲಗೈ, ಅಂಗೈ ಬಿಚ್ಚಿ. ದೇವದಾಸನ ಕೆನ್ನೆ ಹಿಟ್ಟಿನಿಂದ ಜಾರ್ತಿತ್ತು, ಏಟು ಕಿವಿಗೆ ಹೋಯ್ತು. ಅಂಗೈಗೆ ಅಂಟಿದ ಹಿಟ್ಟನ್ನ ಒರೆಸ್ಕೊಳ್ಳೋದಕ್ಕೆ ಜಾಗ ಸಿಗದೆ, ಖಾಕಿ ಚಡ್ಡಿಗೆ ಒರೆಸಿದ್ರೆ ಪರೀಕ್ಷೆಗೆ ಇಸ್ತ್ರಿ ಮಾಡಿದ್ದು ಹಾಳಾಗ್ತದೆ ಅಂತ, ಕೈ ಅಗಲಿಸ್ಕೊಂಡು ನಿಂತ.

ಹವಾಲ್ದಾರ ಒಬ್ಬ ಬಂದು, ಓಣಿ ತುದೀಲಿ ನಿಂತು ನೋಡಿ, ಸಾಹೇಬರನ್ನ ಕರ್ಕೊಂಡು ಬರ್ತೀನಿ ಅಂತ ಸೈಕಲ್ ತಿರುಗಿಸಿದ. ದೇವದಾಸನನ್ನ ಎಳೆದು ತಂದು ಓಣಿಯ ನಡುವೆ ಕೂಡಿಸಿದ್ರು. ಮುದುಕಿಯ ಸುದ್ದಿ ಬರ್ಲಿ, ಆಮೇಲೆ ನೋಡೋಣ ಅಂದ ಖಂಡೂ. ಬಿಸಿಲು ಏರ್ತಿತ್ತು, ಜ್ಯೇಷ್ಠ ಮುಗೀತಾ ಬಂದ್ರೂ ಘಟ್ಟದ ಮೇಲಿನ ಇಗತಪುರಿಯ ಮಳೆ ಈ ಕಡೆ ಇಳಿದಿರ್ಲಿಲ್ಲ. ಈ ಕಾಯೋ ಹೊತ್ತು ಏಟಿಗಿಂತ ಕೆಟ್ಟದ್ದು. ಜನ ಬೀಡಿ ಹಚ್ಚಿದ್ರು. ವಾಡೆಯ ಬಾಗಿಲಲ್ಲಿ ಅವ್ವ, ಅವ್ವನ ಹಿಂದೆ ಸಂಗಮ್ಮ. ದೇವದಾಸನ ಒಂದು ಕಣ್ಣು ಮುಚ್ಚಿ ಹೋಗಿತ್ತು, ತುಟಿ ಬದನೆಕಾಯಿ. ಇನ್ನೊಂದು ಕಣ್ಣಿಂದ ಗುಂಪಿನೊಳಗೆ ಹುಡುಕಿ ಹುಡುಕಿ ವೈಜನಾಥನನ್ನ ಕಂಡುಹಿಡಿದ, ಕಂಡಕೂಡ್ಲೇ ಆ ಮುಖದ ಮೇಲೆ ಒಂದು ಭರವಸೆ ಬಂತು. ಹೊಡೆದದ್ದು ಇವನೇ ಅಂತ ಗೊತ್ತಾಗಿರ್ಲಿಲ್ವೋ, ಗೊತ್ತಿದ್ದೂ ಲೆಕ್ಕಕ್ಕೆ ತಗೊಂಡಿರ್ಲಿಲ್ವೋ. ಮರಾಠಿ ಬರದವನಲ್ಲ ಅವನು, ಹತ್ತು ವರ್ಷ ಹೋಟ್ಲಿನ ಗಲ್ಲೆಯ ಮೇಲೆ ಕೂತವನು. ಆದ್ರೆ ಒಡೆದ ಬಾಯಿಗೆ ಆ ಹೊತ್ತಲ್ಲಿ ಕನ್ನಡವೇ ಬಂತು. "ವೈಜನಾಥ್ರೇ, ನೀವೊಂದು ಹೇಳಿ ಮಾರ್ರೆ. ನನ್ನ ಮಷಿನ್ನಿಗೆ ಅರ್ತಿಂಗ್ ಉಂಟು ಅಂತ ಹೇಳಿ. ಗುಂಡಿ ತೋಡಿ, ಉಪ್ಪು ಇದ್ದಿಲು ಹಾಕಿ, ಪ್ಲೇಟು ಹೂತದ್ದು ನೀವೇ ಅಲ್ವಾ? ನಾನು ಎಂತದೂ ಕಡಿಮೆ ಮಾಡಿರ್ಲಿಲ್ಲ. ಕರೆಂಟು ಬೇರೆ ಎಲ್ಲಿಂದ್ಲೋ ಬಂದಿರ್ಬೇಕು. ನೀವು ಹೇಳಿದ್ರೆ ಇವ್ರು ಕೇಳ್ತಾರೆ. ನಿಮ್ಮ ಮಾತಿಗೆ ಬೆಲೆ ಉಂಟು."

ಖಂಡೂ ಬೀಡಿ ತೆಗೆದು ವೈಜನಾಥನ ಕಡೆ ತಿರುಗಿದ. "ಏನಂತಾನೆ?"

ಓಣಿಯಲ್ಲಿ ಐವತ್ತು ಜನ ಇದ್ರು, ಅವರೊಳಗೆ ಕನ್ನಡ ತಿಳಿಯೋರು ನಾಲ್ಕು ಮಂದಿ. ಒಬ್ಬ ನೆಲದ ಮೇಲೆ, ಇಬ್ಬರು ಹೆಂಗಸರು ಬಾಗಿಲಲ್ಲಿ, ಒಬ್ಬ ತಾನು. ಎರಡು ಗಂಟೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗೋದು ಅವನ ಕಣ್ಣ ಮುಂದೆ ಬಂತು, ದಾರಿಯಲ್ಲಿ ಏವಲೆ ಊರು ದಾಟಿದ ಮೇಲಿನ ಬಯಲು, ಯಾರೂ ಇಲ್ಲದ ಬಯಲು. "ಮಾಫಿ ಕೇಳ್ತಿದ್ದಾನೆ," ಅಂದ. "ತನ್ನದೇ ತಪ್ಪು, ಅರ್ತಿಂಗ್ ಮಾಡಿಸಿರ್ಲಿಲ್ಲ ಅಂತಾನೆ." ಮರಾಠಿ ಎಷ್ಟು ಸಲೀಸಾಗಿ ಬಂತು ಅಂದ್ರೆ ಅವನಿಗೇ ಬೆರಗಾಯ್ತು. ದೇವದಾಸನಿಗೆ ಮರಾಠಿ ತಿಳೀತದೆ ಅನ್ನೋದು ಹೇಳಿ ಮುಗಿಸಿದ ಮೇಲೆ ನೆನಪಾಯ್ತು. ಅವನ ಒಂದೇ ಕಣ್ಣು ಇವನ ಮೇಲೇ ಇತ್ತು. ಅದರಲ್ಲಿ ಸಿಟ್ಟು ಬರ್ತದೆ ಅಂತ ವೈಜನಾಥ ಕಾದ, ಬರ್ಲಿಲ್ಲ, ಬಂದದ್ದು ಗೊಂದಲ. ಎಲ್ಲೋ ತಾನೇ ಸರಿಯಾಗಿ ಹೇಳಿಲ್ವೇನೋ ಅನ್ನೋ ಹಾಗೆ ಅವನು ಇನ್ನೊಂದ್ಸಲ, ಮೊದಲಿಗಿಂತ ನಿಧಾನವಾಗಿ, ಈ ಸಲ ಮರಾಠಿಯಲ್ಲಿ ಶುರು ಮಾಡಿದ, ಇಲ್ಲ, ಇಲ್ಲ, ಗುಂಡಿ ಇದೆ, ಹಿಂದೆ ಅಂಗಳದಲ್ಲಿ. ಖಂಡೂ ಕಾಲಿನಿಂದ ಅವನ ಎದೆಗೆ ಒದ್ದ. "ಒಂದು ಸಲ ಒಪ್ಕೊಂಡು ಈಗ ಮಾತು ತಿರುಗಿಸ್ತಿಯಾ?" ಪಕ್ಕೆಲುಬಿನ ಸದ್ದು ಓಣಿಗೆಲ್ಲ ಕೇಳಿಸ್ತು. ಆಮೇಲೆ ಅವನಿಗೆ ಯಾವ ಭಾಷೆಯೂ ಬರ್ಲಿಲ್ಲ, ಉಸಿರಿಗೇ ಬಾಯಿ ಸಾಲದಾಯ್ತು.

ಸೈಕಲ್ ಮೇಲೆ ಒಬ್ಬ ಬಂದ, ಆಸ್ಪತ್ರೆಯಿಂದ. ಇಳೀಲೂ ಇಲ್ಲ, ಒಂದು ಕಾಲು ನೆಲಕ್ಕೆ ಊರಿ ತಲೆ ಅಲ್ಲಾಡಿಸಿದ. "ಗೇಲೀ." ಹೋದಳು.

ಖಂಡೂ ಸೊಂಟದ ಟವೆಲ್ಲು ಬಿಚ್ಚಿ ಮುಖ ಒರೆಸ್ಕೊಂಡ, ಮಡಚಿ ಪಕ್ಕದವನ ಕೈಗೆ ಕೊಟ್ಟ, ಕುಸ್ತಿಗೆ ಇಳಿಯೋರು ಕೊಡೋ ಹಾಗೆ. ಹೋಟ್ಲೊಳಗೆ ಹೋಗಿ ರುಬ್ಬೋ ಗುಂಡು ಎತ್ಕೊಂಡು ಬಂದ. ಇಬ್ಬರು ಎತ್ತೋ ಕಲ್ಲು. ಹಿಟ್ಟು ತೊಟ್ಟಿಕ್ತಾ ಅವನ ಎದೆಯ ಕೆಂಪು ಮಣ್ಣಿನ ಮೇಲೆ ಬಿಳಿ ಗೆರೆ ಎಳೀತು. ದೇವದಾಸನ ಮುಂದೆ ಕಾಲು ಅಗಲಿಸಿ ನಿಂತು ಕಲ್ಲನ್ನ ತಲೆ ಮೇಲಕ್ಕೆ ಎತ್ತಿದ. ಜನ ಒಂದು ಹೆಜ್ಜೆ ಹಿಂದೆ ಸರಿದ್ರು, ತಡೆಯೋದಕ್ಕಲ್ಲ, ಸಿಡೀತದೆ ಅಂತ. ವೈಜನಾಥನೂ ಸರಿದ. ಸರಿದದ್ದು ಅವನಿಗೆ ಗೊತ್ತಾಯ್ತು. ಈಗ ಬೀಳ್ತದೆ, ಬಿದ್ದಮೇಲೆ ಹೇಳೋದಕ್ಕೆ ಏನೂ ಉಳಿಯೋದಿಲ್ಲ, ಕೇಳೋರೂ ಇರೋದಿಲ್ಲ, ಅಂತ ಒಂದು ತಣ್ಣಗಿನ ಸುಖ ಬೆನ್ನಲ್ಲಿ ಇಳೀತು. ಅದನ್ನ ಅವನು ಜನ್ಮದಲ್ಲಿ ಯಾರಿಗೂ ಹೇಳಲಾರ.

ಸಂಗಮ್ಮ ಅವ್ವನನ್ನ ಪಕ್ಕಕ್ಕೆ ತಳ್ಳಿ ಓಣಿಗೆ ಇಳಿದಿದ್ಲು. ಗಂಡಸರ ನಡುವೆ ಹಾದು ಬಂದು, ಎತ್ತಿದ ಕಲ್ಲಿನ ಕೆಳಗೇ, ದೇವ್ರ ಮುಂದೆ ಕೂಡೋ ಹಾಗೆ ದೇವದಾಸನ ಎದುರು ಕುಕ್ಕರುಗಾಲಲ್ಲಿ ಕೂತಳು. ಕೆಳಗೆ ಹೆಂಗಸು ಬಂದದ್ದಕ್ಕೆ ಖಂಡೂ ಕಲ್ಲು ಹಿಡ್ಕೊಂಡೇ ನಿಂತ, ತೋಳು ನಡುಗ್ತಿತ್ತು.

"ಅಣ್ಣಾ," ಅಂದಳು, ಎಲ್ಲರಿಗೂ ಕೇಳೋ ಹಾಗೆ. "ಗುಂಡಿ ಇಲ್ರಿ. ತೋಡಿದ್ದು ಖರೆ, ಅವತ್ತೇ ಮುಚ್ಚ್ಯಾರ, ನಮ್ಮ ಮಾವನೋರು ಅತ್ತರಂತ. ನಿಮ್ಮ ತಂತಿ ನಳಕ್ಕ ಕಟ್ಟ್ಯಾರ ಇವರು. ನಿಮಗ ಸುಳ್ಳು ಹೇಳ್ಯಾರ. ನಳ ಹೊಡೀತದಂತ ನನಗ ಒಂಬತ್ತ ದಿನದಿಂದ ಗೊತ್ತದ. ನಾ ಮಣಿ ಮ್ಯಾಲ ನಿಂತು ನನ್ನ ಜೀವ ಉಳಿಸ್ಕೊಂಡೆ. ಆ ಮುದುಕಿಗಿ ಒಂದು ಮಾತು ಹೇಳ್ಲಿಲ್ಲ. ಹೊಡ್ತ ಬಿತ್ತಂತ ಬಾಯಿ ಮುಚ್ಕೊಂಡು ಕುಂತೆ."

ಬಾಗಿಲಲ್ಲಿ ಈರಮ್ಮ, "ಏ ಸಂಗೀ, ಒಳಗ ನಡಿ, ಗಂಡನ್ನ ಕೊಲ್ಸಬ್ಯಾಡ," ಅಂದಳು. ಸಂಗಮ್ಮ ತಿರುಗ್ಲಿಲ್ಲ.

ಖಂಡೂ ಹಲ್ಲು ಕಚ್ಕೊಂಡು, ಕಲ್ಲಿನ ಕೆಳಗಿಂದ, ವೈಜನಾಥನನ್ನೇ ಕೇಳಿದ. "ಈಗ ಇವಳು ಏನಂತಾಳೆ?"

ಸಂಗಮ್ಮ ಗಂಡನ ಕಡೆ ನೋಡಿದ್ಲು, ಮೂರು ದಿನದಲ್ಲಿ ಮೊದಲ ಸಲ. "ಹೇಳ್ರಿ. ನನಗ ಬಾಜಾರದ ಮರಾಠಿ ಅಷ್ಟೇ ಬರ್ತದ, ಇಷ್ಟೆಲ್ಲ ಬರಂಗಿಲ್ಲ. ನೀವೇ ಹೇಳ್ಬೇಕು."

ಹೇಳೋದಕ್ಕೆ ಮಾತುಗಳು ಸಾಲುಗಟ್ಟಿ ನಿಂತಿದ್ವು. ದಯೆ ತೋರಿಸಿ ಅಂತಾಳೆ. ಅವಳಿಗೆ ತಲೆ ಸರಿ ಇಲ್ಲ. ಹೆಂಗಸರ ಮಾತು, ಬಿಡು. ಒಂದೊಂದೂ ಶುದ್ಧ ಮರಾಠಿಯಲ್ಲಿ, ತಪ್ಪಿಲ್ಲದೆ. ಖಂಡೂನ ಮೊಣಕೈ ಒಂದು ಅಂಗುಲ ಬಗ್ಗಿತು. ಕಲ್ಲಿನಿಂದ ಒಂದು ಹನಿ ಹಿಟ್ಟು ಸಂಗಮ್ಮನ ಬೈತಲೆ ಮೇಲೆ ಬಿತ್ತು, ಅವಳು ಒರೆಸ್ಕೊಳ್ಳಲಿಲ್ಲ. ವೈಜನಾಥ ಬಾಯಿ ತೆಗೆದ. ಅವಳು ಹೇಳ್ತಾಳೆ, ಅಂತ ಶುರು ಮಾಡಿದ, ಗುಂಡಿ ಇಲ್ಲ ಅಂತ ಹೇಳ್ತಾಳೆ, ತೋಡಿ ಮುಚ್ಚಿದ್ದು ಅಂತ ಹೇಳ್ತಾಳೆ. ಬೇರೆ ಯಾರದೋ ಮನೆಯ ಸುದ್ದಿ ಓದೋರ ಹಾಗೆ ಓದ್ತಾ ಹೋದ. ಎಲ್ಲಿ ಅಂತ ಗೊತ್ತಾಗ್ಲಿಲ್ಲ, ನಡುವೆ ಎಲ್ಲೋ ಅವಳು ಹೇಳ್ತಾಳೆ ಅನ್ನೋದು ಬಿದ್ದು ಹೋಯ್ತು, ತಂತಿ ನಾನು ಕಟ್ಟಿದೆ, ಮೇಲೆ ಸುಣ್ಣ ನಾನು ಬಳಿದೆ, ಇವನಿಗೆ ಗುಂಡಿ ಮಾಡಿದೆ ಅಂತ ನಾನು ಹೇಳಿದೆ, ಇವನು ಮಾಫಿ ಕೇಳಿರ್ಲಿಲ್ಲ, ಮಷಿನ್ ಶುರುವಾದಾಗ ಕಾಶಿಬಾಯಿ ಮಾವಶಿ ನಳದ ಹತ್ರ ಇದ್ದದ್ದು ನಾನು ನೋಡಿದೆ. ಈ ಕೊನೇ ಮಾತು ಸಂಗಮ್ಮ ಹೇಳಿದ್ದಲ್ಲ, ಅವಳಿಗೆ ಗೊತ್ತೂ ಇರ್ಲಿಲ್ಲ. ಅವಳು ಬಾಜಾರದ ಮರಾಠಿಯಿಂದ ಅಷ್ಟು ಹಿಡ್ಕೊಂಡ್ಲು, ತಲೆ ತಗ್ಗಿಸಿದ್ಲು.

ಖಂಡೂ ಕಲ್ಲನ್ನ ಇಳಿಸಿದ. ಎಸೀಲಿಲ್ಲ. ದೇವದಾಸನ ಪಕ್ಕದಲ್ಲಿ, ಅವನಿಗೆ ತಾಗದ ಹಾಗೆ, ಮೆಲ್ಲಗೆ ನೆಲಕ್ಕಿಟ್ಟ. ಎರಡೂ ಅಂಗೈ ತೊಡೆಗೆ ಒರೆಸ್ಕೊಂಡ. ಗುಂಪು ಮುರಿದು ಇನ್ನೊಂದು ಕಡೆ ಕೂಡ್ಕೊಳ್ತು, ಈಗ ನಡುವೆ ವೈಜನಾಥ. ಕೈಗಳು ಬರ್ತಿರೋದು ಅವನಿಗೆ ಕಾಣಿಸ್ತು. ಆದ್ರೆ ಇನ್ನೂ ಸಿಮೆಂಟಿನ ಪೈಪಿನ ಮಾತು ಬಾಕಿ ಇತ್ತು, ತಟ್ಟಿ ನೋಡಿದ್ದು, ಗೊತ್ತಾಗಿದ್ದು, ಗೊತ್ತಾಗಿ ಬಸ್ಸು ಹತ್ತಿದ್ದು. ಮೊದಲ ಏಟು ಬೀಳೋದರೊಳಗೆ ಅದನ್ನೂ ಹೇಳಿ ಮುಗಿಸ್ಬೇಕು ಅಂತ ಅವನು ಇನ್ನಷ್ಟು ಗಡಿಬಿಡಿಯಲ್ಲಿ ಮಾತಾಡಿದ.